ಬಾಹ್ಯಾಕಾಶದ ಸಿನಿಮಾ: ಸದ್ದಿರುವುದನ್ನು ನೋಡೋಣವಾ, ಸದ್ದಿಲ್ಲದ್ದನ್ನಾ?

ಬಾಹ್ಯಾಕಾಶದ ಸಿನಿಮಾ ಅಂದರೆ ಒಂದು ಹಳೇ ಜಗಳ ಇದ್ದೇ ಇರುತ್ತದೆ. ಪರದೆಯ ಮೇಲೆ ನೌಕೆಯೊಂದು ಸಿಡಿದು ಚೂರಾಗುತ್ತದೆ. ಕುರ್ಚಿ ಅದುರುವ ಹಾಗೆ ಢಂ ಅನ್ನುತ್ತದೆ. ಪಕ್ಕದಲ್ಲಿ ಕೂತ ಒಬ್ಬರು, "ಅಲ್ಲಿ ಗಾಳಿಯೇ ಇಲ್ಲ, ಸದ್ದು ಎಲ್ಲಿಂದ ಬಂತು?" ಅನ್ನುತ್ತಾರೆ. ಇನ್ನೊಬ್ಬರು, "ಸುಮ್ನೆ ನೋಡು ಮಾರಾಯ" ಅನ್ನುತ್ತಾರೆ.

ಬಹಳ ವರ್ಷ ನಾನೇ ಆ ಮೊದಲನೆಯವನಾಗಿದ್ದೆ. ಹೊರಗೆ ಸದ್ದು ಕೇಳಿಸಿದರೆ ಸಿನಿಮಾಗೆ ಮಾರ್ಕ್ಸ್ ಕಡಿಮೆ, ಮೌನ ಇದ್ದರೆ ಜಾಸ್ತಿ. ಈಗ ಆ ಲೆಕ್ಕ ಬಿಟ್ಟಿದ್ದೇನೆ. ಮೌನ ಇಟ್ಟ ಮಾತ್ರಕ್ಕೆ ದೃಶ್ಯ ನಿಜವಾಗುವುದಿಲ್ಲ. ಈಗ ನಾನು ಕೇಳಿಕೊಳ್ಳುವುದು ಒಂದೇ: ಇದನ್ನು ನಾನು ಯಾರ ಕಿವಿಯಿಂದ ಕೇಳುತ್ತಿದ್ದೇನೆ? ನೌಕೆಯೊಳಗೆ ಇರುವವರದ್ದಾ, ಹೆಲ್ಮೆಟ್ ಹಾಕಿಕೊಂಡು ಹೊರಗೆ ತೇಲುತ್ತಿರುವವರದ್ದಾ, ಇಲ್ಲಾ ಯಾರದ್ದೂ ಅಲ್ಲವಾ? ಸಿನಿಮಾಗಳನ್ನು ಹೀಗೆ ಪಕ್ಕಪಕ್ಕ ಇಟ್ಟು ಕೇಳಿದರೆ ಯಾವುದನ್ನು ಯಾವಾಗ ನೋಡಬೇಕು ಅನ್ನುವುದು ಸುಲಭವಾಗಿ ಗೊತ್ತಾಗುತ್ತದೆ. ಮುಂದೆ ಕೆಲವು ದೃಶ್ಯಗಳ ಗುಟ್ಟು ರಟ್ಟಾಗುತ್ತದೆ, ಈಗಲೇ ಹೇಳಿಬಿಡುತ್ತೇನೆ.

ಮೊದಲು ಸ್ವಲ್ಪ ಗಾಳಿಯ ವಿಷಯ

ಸದ್ದು ಅಂದರೆ ಅದುರು. ಅದನ್ನು ಹೊತ್ತು ಸಾಗಿಸಲು ಏನಾದರೂ ಬೇಕು. ನಮ್ಮ ಸುತ್ತಲಿನ ಗಾಳಿ ಆ ಕೆಲಸ ಮಾಡುತ್ತದೆ, ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ. ಬಾಹ್ಯಾಕಾಶದಲ್ಲಿ ಅಣುಗಳು ಪೂರ್ತಿ ಇಲ್ಲ ಅಂತಲ್ಲ, ಆದರೆ ಒಂದಕ್ಕೊಂದು ಎಷ್ಟು ದೂರ ಅಂದರೆ ನಮ್ಮ ಕಿವಿಗೆ ಬೇಕಾದ ಅದುರು ಅಲ್ಲಿ ದಾಟಿ ಬರುವುದಿಲ್ಲ. (ಇದಕ್ಕೂ ಒಂದು ತಮಾಷೆ ಇದೆ. ಪರ್ಸಿಯಸ್ ಅನ್ನುವ ಗೆಲಾಕ್ಸಿಗಳ ಗುಂಪಿನಲ್ಲಿ ತುಂಬಿರುವ ಅನಿಲದಲ್ಲಿ ಶಬ್ದದ ಅಲೆಗಳಿವೆ ಎಂದು 2003ರಲ್ಲಿ 'ಚಂದ್ರ' ಅನ್ನುವ ಹೆಸರಿನ ಎಕ್ಸ್-ರೇ ಬಾಹ್ಯಾಕಾಶ ದೂರದರ್ಶಕದ ವಿಜ್ಞಾನಿಗಳು ತೋರಿಸಿದರು. ಆ ಸ್ವರ ಪಿಯಾನೋದ ನಡು ಸ್ವರಕ್ಕಿಂತ 57 ಸಪ್ತಕ ಕೆಳಗಿದೆ. ಕೇಳುವ ಕಿವಿ ಯಾರಿಗಿದೆ?)

ಆದರೆ "ಬಾಹ್ಯಾಕಾಶದಲ್ಲಿ ಸದ್ದಿಲ್ಲ" ಅನ್ನುವುದು ಅರ್ಧ ಮಾತು. ಮೇಜಿಗೆ ಒಂದು ಕಿವಿ ಒತ್ತಿ, ಇನ್ನೊಂದನ್ನು ಮುಚ್ಚಿಕೊಳ್ಳಿ. ಮೇಜಿನ ಆ ತುದಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಗಾಳಿಯಲ್ಲಿ ಕೇಳಿಸದಷ್ಟು ಸಣ್ಣ ಸದ್ದು ಮರದೊಳಗಿಂದ ದಪ್ಪಗೆ, ಹತ್ತಿರದಿಂದ ಬರುತ್ತದೆ. ನೌಕೆಯ ಹೊರಗೆ ಕೆಲಸ ಮಾಡುವ ಗಗನಯಾತ್ರಿಗೆ ಆಗುವುದೂ ಇದೇ. ಕೈಯಲ್ಲಿ ಹಿಡಿದ ಉಪಕರಣದ ಅದುರು ಗ್ಲವ್ಸ್ ದಾಟಿ, ಉಡುಪು ದಾಟಿ, ಒಳಗಿನ ಗಾಳಿಗೆ ಬರುತ್ತದೆ. ಅದರ ಜೊತೆ ಸ್ವಂತ ಉಸಿರು, ಉಡುಪಿನ ಫ್ಯಾನು, ರೇಡಿಯೋದಲ್ಲಿ ಬರುವ ದನಿ.

ಇನ್ನು ನೌಕೆಯ ಒಳಗಂತೂ ಗಲಾಟೆಯೋ ಗಲಾಟೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹಗಲೂ ರಾತ್ರಿ ಫ್ಯಾನುಗಳು ತಿರುಗುತ್ತಲೇ ಇರುತ್ತವೆ. ತೂಕವೇ ಇಲ್ಲದ ಕಡೆ ಬಿಸಿ ಗಾಳಿ ಮೇಲೇರುವುದಿಲ್ಲ. ಫ್ಯಾನು ನಿಂತರೆ ಮಲಗಿದವರು ಬಿಟ್ಟ ಉಸಿರು ಅವರ ಮುಖದ ಸುತ್ತಲೇ ಗುಡ್ಡೆ ಬೀಳುತ್ತದೆ. ಹಾಗಾಗಿ ಅಲ್ಲಿ ಗುಂಯ್ ಅನ್ನುವ ಸದ್ದು ಇದ್ದರೆ ನೆಮ್ಮದಿ, ನಿಂತರೆ ಭಯ. ನೌಕೆಯೊಳಗೆ ಗುಂಡುಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ ತೋರಿಸುವ ಸಿನಿಮಾ ನನಗೆ ಹೊರಗೆ ಢಂ ಅನ್ನಿಸುವ ಸಿನಿಮಾಗಿಂತ ಜಾಸ್ತಿ ಸುಳ್ಳು ಅನಿಸುತ್ತದೆ.

ಸದ್ದೇ ಸಂಭ್ರಮ: 'ಸ್ಟಾರ್ ವಾರ್ಸ್'

1977ರ ಈ ಸಿನಿಮಾ ಸದ್ದಿನ ವಿಷಯದಲ್ಲಿ ಯಾವ ನಾಚಿಕೆಯೂ ಇಲ್ಲದ್ದು. ಸೌಂಡ್ ಡಿಸೈನರ್ ಬೆನ್ ಬರ್ಟ್ ಶತ್ರುಗಳ ಟೈ ಫೈಟರ್ ಅನ್ನುವ ಯುದ್ಧನೌಕೆಗೆ ಆನೆಯ ಘೀಳನ್ನೂ ಒದ್ದೆ ರಸ್ತೆಯ ಮೇಲೆ ಕಾರು ಹೋಗುವ ಸದ್ದನ್ನೂ ಬೆರೆಸಿದರು. ಲೈಟ್‌ಸೇಬರ್ ಅನ್ನುವ ಬೆಳಕಿನ ಕತ್ತಿಯ ಝೇಂಕಾರ ಹಳೇ ಪ್ರೊಜೆಕ್ಟರ್ ಮೋಟಾರು ಮತ್ತು ಟಿವಿಯ ಪಿಕ್ಚರ್ ಟ್ಯೂಬಿನದು. ಬಂದೂಕಿನ ಚಿಂವ್ ಅನ್ನುವ ಸದ್ದು ಬಂದದ್ದು ಗೋಪುರವೊಂದನ್ನು ಬಿಗಿದಿದ್ದ ತಂತಿಗೆ ಸುತ್ತಿಗೆಯಿಂದ ಹೊಡೆದಾಗ. ಒಂದೂ ಆಕಾಶದಿಂದ ಬಂದದ್ದಲ್ಲ, ಎಲ್ಲ ನಮ್ಮ ಭೂಮಿಯದೇ. ಅದಕ್ಕೇ ಅಷ್ಟು ಬೇಗ ಕಿವಿಗೆ ಹತ್ತುತ್ತವೆ.

ಇದನ್ನು ತಪ್ಪು ಅಂತ ತಳ್ಳಿಹಾಕುವ ಮುಂಚೆ ಆ ನೌಕೆಗಳು ಹಾರುವ ರೀತಿ ನೋಡಿ. ತಿರುವಿನಲ್ಲಿ ವಾಲುತ್ತವೆ, ಒಂದರ ಬಾಲಕ್ಕೆ ಇನ್ನೊಂದು ಬೀಳುತ್ತದೆ. ಗಾಳಿಯಿಲ್ಲದ ಕಡೆ ವಾಲುವ ಅಗತ್ಯವೇ ಇಲ್ಲ. ಎರಡನೇ ಮಹಾಯುದ್ಧದ ವಿಮಾನ ಕಾಳಗದ ಚಿತ್ರಗಳನ್ನು ಮಾದರಿಯಾಗಿ ಇಟ್ಟುಕೊಂಡೇ ಆ ಕಾಳಗವನ್ನು ಕಟ್ಟಿದ್ದು. ವಿಮಾನದ ಹಾಗೆ ಹಾರುವುದು ವಿಮಾನದ ಹಾಗೆ ಕೂಗುತ್ತದೆ. ಕಣ್ಣಿಗೆ ಹೇಳಿದ ಸುಳ್ಳನ್ನೇ ಕಿವಿಗೂ ಹೇಳಿದ್ದಾರೆ. ಆ ಲೋಕದ ಒಳಗೆ ಅದು ಸರಿಯಾಗಿಯೇ ಇದೆ. ಇದೇ ದೃಶ್ಯವನ್ನು ಮ್ಯೂಟ್ ಮಾಡಿ ನೋಡಿ. ಯಾರು ಯಾವ ಕಡೆಯಿಂದ ಬಂದರು ಅನ್ನುವುದೇ ತಿಳಿಯುವುದಿಲ್ಲ.

ಮಜಾ ಅಂದರೆ, ಇಷ್ಟು ಗದ್ದಲದ ಸರಣಿಗೇ ಮೌನದ ಬೆಲೆ ಚೆನ್ನಾಗಿ ಗೊತ್ತು. 2002ರ ಭಾಗದಲ್ಲಿ ಬಾಂಬು ಸಿಡಿಯುವ ಮುನ್ನ ಒಂದು ಕ್ಷಣ ಎಲ್ಲ ಸದ್ದನ್ನೂ ಕಿತ್ತುಹಾಕಿ, ಆಮೇಲೆ ಕಿವಿಗಡಚಿಕ್ಕುವ ಒಂದು ಮೀಟು. 2017ರ 'ದ ಲಾಸ್ಟ್ ಜೆಡೈ'ನಲ್ಲಿ ಒಂದು ನೌಕೆ ಇನ್ನೊಂದನ್ನು ಸೀಳಿಕೊಂಡು ಹೋಗುವಾಗ ಕೆಲವು ಸೆಕೆಂಡು ಪೂರ್ತಿ ನಿಶ್ಶಬ್ದ. ಸ್ಪೀಕರು ಕೆಟ್ಟಿದೆ ಅಂತ ಜನ ದೂರಬಾರದೆಂದು ಅಮೆರಿಕದ ಒಂದು ಚಿತ್ರಮಂದಿರ 'ಇದು ಬೇಕೆಂದೇ ಮಾಡಿದ್ದು' ಎಂಬ ಸೂಚನೆಯನ್ನೇ ಅಂಟಿಸಬೇಕಾಯಿತು.

ಮನೆಮಂದಿ ಎಲ್ಲ ಸೇರಿ, ಮಧ್ಯೆ ಮಾತಾಡಿಕೊಂಡು ನೋಡಬೇಕು ಅಂದರೆ ಇದೇ ಸರಿ. ವಿಜ್ಞಾನ ತಿಳಿಯಲು ಅಲ್ಲ, ಬಿಡಿ.

ಉಸಿರು ಮಾತ್ರ: '2001: ಎ ಸ್ಪೇಸ್ ಒಡಿಸ್ಸಿ'

ಇದು 1968ರದು. ಮನುಷ್ಯ ಚಂದ್ರನ ಮೇಲೆ ಇಳಿಯುವ ಒಂದು ವರ್ಷ ಮುಂಚೆಯೇ ಸ್ಟಾನ್ಲಿ ಕ್ಯೂಬ್ರಿಕ್ ಈ ಪ್ರಶ್ನೆಯನ್ನು ಹೆಚ್ಚುಕಡಿಮೆ ಬಗೆಹರಿಸಿಬಿಟ್ಟಿದ್ದರು. ಹೊರಗಿನ ದೃಶ್ಯಗಳಲ್ಲಿ ಇರುವುದು ಎರಡೇ: ಸಂಗೀತ, ಇಲ್ಲದಿದ್ದರೆ ಹೆಲ್ಮೆಟ್ಟಿನೊಳಗಿನ ಉಸಿರು. ಆ ಉಸಿರು ಒಳಗೆ, ಹೊರಗೆ, ಒಳಗೆ, ಹೊರಗೆ ಅಂತ ನಿಮಿಷಗಟ್ಟಲೆ ನಡೆಯುತ್ತದೆ. ಸ್ವಲ್ಪ ಹೊತ್ತಿಗೆ ನಮ್ಮ ಉಸಿರೂ ಅದೇ ತಾಳಕ್ಕೆ ಬರುತ್ತದೆ. ಆಮೇಲೆ ಅದು ತಟ್ಟನೆ ನಿಲ್ಲುತ್ತದೆ. ಕಿರುಚಾಟ ಇಲ್ಲ, ಏನೂ ಇಲ್ಲ. ದೂರದಲ್ಲಿ ಒಂದು ಹಳದಿ ಉಡುಪು ಗಿರಗಿರ ತಿರುಗುತ್ತಾ ಹೋಗುತ್ತದೆ, ಅಷ್ಟೇ. ಸಿನಿಮಾದಲ್ಲಿ ಸಾವನ್ನು ಇದಕ್ಕಿಂತ ತಣ್ಣಗೆ ಹೇಳಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು. ಹೆಲ್ಮೆಟ್ ಇಲ್ಲದ ಗಗನಯಾತ್ರಿ ತನ್ನ ಪುಟ್ಟ ವಾಹನದಿಂದ ನೌಕೆಯ ತುರ್ತು ಬಾಗಿಲಿನೊಳಕ್ಕೆ ಹಾರುತ್ತಾನೆ. ವಾಹನದ ಬಾಗಿಲು ಸಿಡಿಯುತ್ತದೆ, ಅವನು ಗೋಡೆಗೆ ಬಡಿದು ಹಿಂದಕ್ಕೆ ಪುಟಿಯುತ್ತಾನೆ. ಒಂದು ಚೂರೂ ಸದ್ದಿಲ್ಲ. ಕೈ ತಡಕಾಡಿ ಹಿಡಿಕೆ ಎಳೆಯುತ್ತಾನೆ, ಬಾಗಿಲು ಮುಚ್ಚುತ್ತದೆ. ಆಗ ಗಾಳಿ ಸುಯ್ಯನೆ ನುಗ್ಗುತ್ತದೆ, ಗಾಳಿಯ ಜೊತೆಗೇ ಸದ್ದೂ ಒಳಗೆ ಬರುತ್ತದೆ. ಗಾಳಿ ಅಂದರೆ ಸದ್ದು ಅನ್ನುವ ಪಾಠವನ್ನು ಒಂದೂ ಮಾತಿಲ್ಲದೆ ಹೇಳಿ ಮುಗಿಸುತ್ತದೆ ಈ ದೃಶ್ಯ. ಒಂದು ತಪ್ಪು ಇದೆ. ಹಾರುವ ಮುಂಚೆ ಅವನು ಉಸಿರು ಬಿಗಿ ಹಿಡಿಯುತ್ತಾನೆ. ನಿಜದಲ್ಲಿ ಹಾಗೆ ಮಾಡಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು, ಉಸಿರು ಬಿಟ್ಟುಬಿಡಬೇಕು. ಆದರೆ ಕೆಲವು ಸೆಕೆಂಡು ಎಚ್ಚರ ಇರುತ್ತದೆ ಅನ್ನುವುದು ನಿಜ. 1966ರಲ್ಲಿ ನಾಸಾದ ನಿರ್ವಾತ ಕೋಣೆಯಲ್ಲಿ ಪರೀಕ್ಷೆ ನಡೆಯುವಾಗ ಒಬ್ಬರ ಉಡುಪಿನಿಂದ ಗಾಳಿ ಸೋರಿಹೋಯಿತು. ಎಚ್ಚರ ತಪ್ಪಲು ಸುಮಾರು 15 ಸೆಕೆಂಡು ಹಿಡಿಯಿತು. ಅವರು ಬದುಕಿಕೊಂಡರು.

ಕಷ್ಟ ಏನೆಂದರೆ ಸಿನಿಮಾ ನಿಧಾನ. ಮೊದಲ ಮಾತು ಬರುವುದಕ್ಕೇ ಸುಮಾರು 25 ನಿಮಿಷ ಬೇಕು. ಕೆಲಸದಿಂದ ಸುಸ್ತಾಗಿ ಬಂದ ರಾತ್ರಿ ಹಾಕಿಕೊಂಡರೆ ನಿದ್ದೆ ಗ್ಯಾರಂಟಿ. ರಜೆಯ ದಿನ, ಒಬ್ಬರೇ, ಕತ್ತಲ ಕೋಣೆಯಲ್ಲಿ ನೋಡಿ.

ಮುಟ್ಟಿದ್ದು ಮಾತ್ರ ಕೇಳುತ್ತದೆ: 'ಗ್ರ್ಯಾವಿಟಿ'

ಮೇಜಿಗೆ ಕಿವಿ ಹಚ್ಚಿದಿರಲ್ಲ, ಅದನ್ನೇ ಇಡೀ ಸಿನಿಮಾಗೆ ನಿಯಮ ಮಾಡಿಕೊಂಡರೆ ಹೇಗಿರುತ್ತದೆ? 2013ರಲ್ಲಿ ಅಲ್ಫೊನ್ಸೊ ಕ್ವಾರೋನ್ ಅದನ್ನು ಮಾಡಿ ತೋರಿಸಿದರು. ಇಲ್ಲಿ ನಾಯಕಿ ಮುಟ್ಟಿದ್ದರ ಸದ್ದು ಮಾತ್ರ ಕೇಳಿಸುತ್ತದೆ. ಹಬಲ್ ದೂರದರ್ಶಕದ ರಿಪೇರಿ ಮಾಡುವಾಗ ಉಪಕರಣದ ಸದ್ದು ನೀರಿನೊಳಗಿಂದ ಬಂದ ಹಾಗೆ ಮಂಕಾಗಿ ಬರುತ್ತದೆ. ಕೈ ತೆಗೆದರೆ ಅದೂ ಇಲ್ಲ. ಅವಳ ಬೆನ್ನ ಹಿಂದೆ ಇಡೀ ನಿಲ್ದಾಣ ಪುಡಿಪುಡಿಯಾಗುತ್ತದೆ, ಅವಳಿಗೆ ಗೊತ್ತೇ ಆಗುವುದಿಲ್ಲ. ನಮಗೆ ಕಾಣುತ್ತಿದೆ, ಅವಳಿಗೆ ಕೇಳುತ್ತಿಲ್ಲ. ಹೊಟ್ಟೆಯಲ್ಲಿ ಸಂಕಟ ಹುಟ್ಟುವುದು ಅಲ್ಲೇ.

ಒಂದು ತಕರಾರು ಇದೆ. ಸ್ಫೋಟಕ್ಕೆ ಸದ್ದಿಲ್ಲ ಅಂತ ಹೇಳಿ, ಆ ಸದ್ದಿನ ಕೆಲಸವನ್ನೆಲ್ಲ ಸ್ಟೀವನ್ ಪ್ರೈಸ್ ಅವರ ಸಂಗೀತಕ್ಕೆ ವಹಿಸಿಬಿಟ್ಟಿದ್ದಾರೆ. ಚೂರುಗಳು ಬರುವ ಹೊತ್ತಿಗೆ ಸಂಗೀತ ಉಬ್ಬಿ ಉಬ್ಬಿ, ತಟ್ಟನೆ ತುಂಡಾಗುತ್ತದೆ. ಹೆಸರಿಗೆ ಮೌನ, ಕಿವಿಗೆ ಮಾತ್ರ ಪೂರ್ತಿ ಗದ್ದಲ. ಆದರೂ ನಾನು ಕ್ಷಮಿಸುತ್ತೇನೆ. ಅವಳ ಎದೆಬಡಿತವನ್ನು ಬೇರೆ ಹೇಗೆ ಕೇಳಿಸುವುದು, ಅಲ್ವಾ? ಸಂಗೀತಕ್ಕೂ ಶಬ್ದದ ಎರಡು ವಿಭಾಗಗಳಿಗೂ ಆಸ್ಕರ್ ಬಂತು.

ಕಿವಿಯ ವಿಷಯದಲ್ಲಿ ಇಷ್ಟು ಶಿಸ್ತು, ಭೂಗೋಳದ ವಿಷಯದಲ್ಲಿ ಅಷ್ಟಿಲ್ಲ. ಹಬಲ್ ಸುತ್ತುವುದು ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ, ಸಮಭಾಜಕಕ್ಕೆ 28.5 ಡಿಗ್ರಿ ವಾಲಿದ ದಾರಿಯಲ್ಲಿ. ಅಂತರರಾಷ್ಟ್ರೀಯ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, 51.6 ಡಿಗ್ರಿ ವಾಲಿದ ದಾರಿಯಲ್ಲಿ. ಬೆನ್ನಿಗೆ ಕಟ್ಟಿದ ಜೆಟ್‌ಪ್ಯಾಕಿನಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವುದು ಕನಸಿನ ಮಾತು. ಸದ್ದಿನಲ್ಲಿ ಪ್ರಾಮಾಣಿಕವಾಗಿರುವ ಸಿನಿಮಾ ಎಲ್ಲದರಲ್ಲೂ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ.

ಒಂದೇ ಒಂದು ಸಿನಿಮಾ ನೋಡುತ್ತೇನೆ, ಸದ್ದಿನ ಆಟ ಗೊತ್ತಾಗಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ ಕೂಡ. ಇದರ ರುಚಿ ಹತ್ತಿದರೆ 2019ರ 'ಆಡ್ ಆಸ್ಟ್ರಾ'ದಲ್ಲಿ ಚಂದ್ರನ ಮೇಲಿನ ವಾಹನಗಳ ಬೆನ್ನಟ್ಟುವಿಕೆ ಇದೆ, ಗುದ್ದಾಟವೆಲ್ಲ ದಿಂಬಿನೊಳಗೆ ನಡೆದ ಹಾಗೆ. ಆ ದೃಶ್ಯ ಸಾಕು, ಉಳಿದದ್ದು ನಿಮ್ಮಿಷ್ಟ.

ಯಾರ ಕಿವಿಯೂ ಅಲ್ಲದ ಮೌನ: 'ಫಸ್ಟ್ ಮ್ಯಾನ್'

ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನಿಗೆ ಹೋದ ಕಥೆ ಹೇಳುವ 2018ರ ಈ ಸಿನಿಮಾದಲ್ಲಿ ನೌಕೆಯ ಒಳಗಿನ ಸದ್ದು ಎಲ್ಲಕ್ಕಿಂತ ಚೆನ್ನಾಗಿದೆ. ತಗಡು ಕಿರ್ರ್ ಅನ್ನುತ್ತದೆ, ಬೋಲ್ಟು ಕಟಕಟ ಅನ್ನುತ್ತದೆ, ಎಲ್ಲಿ ಕಳಚಿಬೀಳುತ್ತದೋ ಅನಿಸುತ್ತದೆ. ಹೊಳೆಯುವ ಬಿಳಿ ಗೋಡೆಯ ನೌಕೆಗಳನ್ನು ನೋಡಿ ನೋಡಿ ಸಾಕಾದವರಿಗೆ ಇದು ಬೇಕು. 1960ರ ದಶಕದಲ್ಲಿ ಜನ ಎಂಥ ಡಬ್ಬಿಯಲ್ಲಿ ಕೂತು ಹೋದರು ಅನ್ನುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ.

ಚಂದ್ರನ ಮೇಲೆ ಇಳಿದ ಮೇಲೆ ಬಾಗಿಲು ತೆರೆಯುತ್ತದೆ. ಒಳಗಿನ ಗಾಳಿ ಹೊರಗೆ ನುಗ್ಗುತ್ತದೆ, ಸದ್ದೂ ಅದರ ಹಿಂದೆಯೇ ಹೋಗಿಬಿಡುತ್ತದೆ. ಆಮೇಲೆ ಪೂರ್ತಿ ಮೌನ. ಮೈ ಜುಮ್ಮೆನ್ನುತ್ತದೆ.

ಆದರೆ ಕೂತು ಯೋಚಿಸಿದರೆ ನಿಜ ಹಾಗಿರಲಿಲ್ಲ. ಆ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಒಳಗೆ ಗಾಳಿಯ ಒತ್ತಡ ಇದ್ದರೆ ತೆರೆಯುವುದೇ ಇಲ್ಲ. ಮೊದಲು ವಾಲ್ವ್ ತಿರುಗಿಸಿ ಗಾಳಿಯನ್ನು ನಿಧಾನವಾಗಿ ಹೊರಗೆ ಬಿಡಬೇಕಿತ್ತು. ಅದಕ್ಕಿಂತ ದೊಡ್ಡ ವಿಷಯ, ಹೊರಗೆ ಬಂದ ಆರ್ಮ್‌ಸ್ಟ್ರಾಂಗ್‌ಗೆ ಮೌನವೇ ಇರಲಿಲ್ಲ. ಬೆನ್ನಿನ ಪೆಟ್ಟಿಗೆಯಲ್ಲಿ ಫ್ಯಾನು, ನೀರಿನ ಪಂಪು, ಕಿವಿಯಲ್ಲಿ ಹ್ಯೂಸ್ಟನ್ನಿನ ನಿಯಂತ್ರಣ ಕೇಂದ್ರದ ದನಿ. ಹಾಗಾದರೆ ಸಿನಿಮಾದ ಆ ಮೌನ ಯಾರ ಕಿವಿಯದು? ಬರಿಗಿವಿಯಲ್ಲಿ ಅಲ್ಲಿ ನಿಲ್ಲಲಾಗದ ನಮ್ಮದು. ಅದು ವಿಜ್ಞಾನವಲ್ಲ, ಭಾವನೆ. ಭಾವನೆಯಾಗಿ ಅದು ನೂರಕ್ಕೆ ನೂರು ಸರಿ. 'ಸ್ಟಾರ್ ವಾರ್ಸ್' ಸದ್ದು ಹಾಕಿ ಮಾಡಿದ್ದನ್ನೇ ಇದು ಸದ್ದು ತೆಗೆದು ಮಾಡುತ್ತದೆ. ಬೈಯುವುದಾದರೆ ಇಬ್ಬರನ್ನೂ ಬೈಯಬೇಕು.

ಎರಡು ದೋಣಿಗೂ ಕಾಲಿಟ್ಟದ್ದು: 'ಇಂಟರ್‌ಸ್ಟೆಲ್ಲರ್'

2014ರ ಕ್ರಿಸ್ಟೋಫರ್ ನೋಲನ್ ಸಿನಿಮಾ ಹೊರಗಿನ ಸ್ಫೋಟವನ್ನು ಸದ್ದಿಲ್ಲದೆ ತೋರಿಸುತ್ತದೆ. ಒಬ್ಬ ದೊಡ್ಡ ದೊಡ್ಡ ಮಾತಾಡುತ್ತಿರುವಾಗಲೇ, ವಾಕ್ಯದ ಮಧ್ಯದಲ್ಲೇ ಸಿಡಿದುಹೋಗುತ್ತಾನೆ. ಮಾತು ಕತ್ತರಿಸಿದ ಹಾಗೆ ನಿಲ್ಲುತ್ತದೆ. ಆದರೆ ಸ್ವಲ್ಪ ಹೊತ್ತಿಗೇ ಹ್ಯಾನ್ಸ್ ಜಿಮ್ಮರ್ ಅವರ ಸಂಗೀತ ಎದೆಗೆ ಗುದ್ದಲು ಶುರುಮಾಡುತ್ತದೆ. ಲಂಡನ್ನಿನ ಟೆಂಪಲ್ ಚರ್ಚಿನಲ್ಲಿರುವ ಪೈಪ್ ಆರ್ಗನ್ ಅದರ ಜೀವಾಳ. ಗಾಳಿ ಊದಿದರೆ ಮಾತ್ರ ನುಡಿಯುವ ವಾದ್ಯವನ್ನು ಗಾಳಿಯೇ ಇಲ್ಲದ ಜಾಗಕ್ಕೆ ಆರಿಸಿದ್ದು ನನಗೆ ಬಹಳ ಇಷ್ಟ. ಸಂಗೀತದ ಅಬ್ಬರದಲ್ಲಿ ಮಾತು ಮುಳುಗುತ್ತದೆ ಅನ್ನುವ ದೂರು ಮಾತ್ರ ನಿಜ. ಸಬ್‌ಟೈಟಲ್ ಹಾಕಿಕೊಳ್ಳಿ, ಮುಜುಗರ ಬೇಡ.

ಶನಿಗ್ರಹದ ಹತ್ತಿರ ಒಂದು ದೃಶ್ಯ ಬರುತ್ತದೆ. ಹೊರಗಿನ ಶೂನ್ಯಕ್ಕೆ ಹೆದರಿದ ಸಂಗಾತಿಗೆ ನಾಯಕ ತನ್ನ ಹೆಡ್‌ಫೋನ್ ಕೊಡುತ್ತಾನೆ. ಕ್ಯಾಮೆರಾ ಹೊರಗೆ ಹೋಗುತ್ತದೆ. ಶನಿಯ ಮುಂದೆ ನೌಕೆ ಧೂಳಿನ ಕಣದಷ್ಟು ಚಿಕ್ಕದಾಗಿ ತೇಲುತ್ತಿದೆ. ಕೇಳಿಸುತ್ತಿರುವುದು ಮಳೆ, ಗುಡುಗು. ಬಾಹ್ಯಾಕಾಶದಲ್ಲಿ ಮಳೆಯ ಸದ್ದು! ಕಾಗದದ ಮೇಲೆ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಆದರೆ ಆ ಕಿವಿ ಯಾರದ್ದು ಅಂತ ಗೊತ್ತಿರುವುದರಿಂದ ಒಂದಿಷ್ಟೂ ಸುಳ್ಳು ಅನಿಸುವುದಿಲ್ಲ.

ಮಂಗಳನ ಲೆಕ್ಕ ಬೇರೆ

ಮಂಗಳ ಗ್ರಹದಲ್ಲಿ ಗಾಳಿ ಇದೆ, ತೆಳ್ಳಗೆ. ಒತ್ತಡ ಭೂಮಿಯ ಶೇಕಡಾ 1ಕ್ಕೂ ಕಡಿಮೆ. 2021ರಲ್ಲಿ ಇಳಿದ ಪರ್ಸಿವಿಯರೆನ್ಸ್ ರೋವರ್ ತನ್ನ ಜೊತೆ ಮೈಕ್ ಒಯ್ದಿತ್ತು. ಅಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 240 ಮೀಟರ್. ವಿಚಿತ್ರ ಅಂದರೆ ಕೀರಲು ಸದ್ದು ದಪ್ಪ ಸದ್ದಿಗಿಂತ ಸ್ವಲ್ಪ ಬೇಗ ಬರುತ್ತದೆ, ಆದರೆ ದೂರ ಹೋಗುವ ಮುಂಚೆ ಅಡಗಿಹೋಗುತ್ತದೆ. ಹಾಗಾಗಿ 2015ರ 'ದ ಮಾರ್ಷಿಯನ್'ನಲ್ಲಿ ಸದ್ದು ಇರುವುದು ತಪ್ಪಲ್ಲ. ತಪ್ಪು ಇರುವುದು ಶುರುವಿನ ಬಿರುಗಾಳಿಯಲ್ಲಿ. ಅಷ್ಟು ತೆಳುವಾದ ಗಾಳಿ ಎಷ್ಟೇ ಜೋರಾಗಿ ಬೀಸಿದರೂ ಮನುಷ್ಯನನ್ನು ಹಾಗೆ ಎತ್ತಿ ಒಗೆಯಲಾರದು. ಉಳಿದಂತೆ ನಗುನಗುತ್ತಾ ನೋಡಬಹುದಾದ ಸಿನಿಮಾ. ಶಾಲೆಗೆ ಹೋಗುವ ಮಕ್ಕಳ ಜೊತೆ ವಿಜ್ಞಾನ ಮಾತಾಡಬೇಕಾದರೆ ನಾನು ಇದನ್ನೇ ಹಾಕುವುದು.

'ಏಲಿಯನ್' (1979) ಬಗ್ಗೆ ಕೇಳುವವರಿಗೆ: ಬಾಹ್ಯಾಕಾಶದಲ್ಲಿ ಕಿರುಚಿದರೆ ಕೇಳಿಸುವುದಿಲ್ಲ ಅಂತ ಪೋಸ್ಟರಿನಲ್ಲೇ ಸಾರಿದ ಸಿನಿಮಾ ಅದು. ಆದರೂ ನೌಕೆ ಹೊರಗಡೆ ಗುಡುಗುಡು ಅನ್ನುತ್ತಲೇ ಹೋಗುತ್ತದೆ. ಆದರೆ ಹೆದರಿಕೆ ಇರುವುದು ನೌಕೆಯ ಒಳಗೆ: ತೊಟ್ಟಿಕ್ಕುವ ನೀರು, ಸರಪಳಿಯ ಕಿಣಿಕಿಣಿ. ರಾತ್ರಿ ಒಬ್ಬರೇ ನೋಡುವ ಧೈರ್ಯ ನಿಮಗೆ ಬಿಟ್ಟದ್ದು.

ಯಾವುದರಲ್ಲಿ ನೋಡುತ್ತೀರಿ ಅನ್ನುವುದೂ ಮುಖ್ಯ

ಸಿನಿಮಾ ಆರಿಸಿದರೆ ಅರ್ಧ ಕೆಲಸ ಆಯಿತು. '2001' ಅನ್ನು ನಾನು ಎರಡನೇ ಸಲ ನೋಡಿದ್ದು ಹೊಸ ಟಿವಿಯಲ್ಲಿ. ಉಸಿರಿನ ದೃಶ್ಯ ಬಂತು. ಮೊದಲು ಮೆಲ್ಲಗಿದ್ದ ಉಸಿರು ಬರಬರುತ್ತಾ ಜೋರಾಗಿ, ಕೊನೆಗೆ ಯಾರೋ ಪಕ್ಕದಲ್ಲೇ ಗೊರಕೆ ಹೊಡೆದ ಹಾಗಾಯಿತು. ಮೌನ ಬರಬೇಕಾದ ಕಡೆ ಬರೀ ಸೊಂಯ್ ಸದ್ದು. ಟಿವಿ ಕೆಟ್ಟಿತು ಅಂದುಕೊಂಡೆ. ನೋಡಿದರೆ ಸೆಟ್ಟಿಂಗ್‌ನಲ್ಲಿ ವಾಲ್ಯೂಮ್ ತಾನಾಗಿಯೇ ಸಮ ಮಾಡುವ ಆಯ್ಕೆ ಆನ್ ಆಗಿತ್ತು. ಸಣ್ಣ ಸದ್ದನ್ನು ಎತ್ತಿ, ದೊಡ್ಡದನ್ನು ತಗ್ಗಿಸುವುದು ಅದರ ಕೆಲಸ. ಸುದ್ದಿ ನೋಡಲು ಒಳ್ಳೆಯದು, ಈ ಸಿನಿಮಾಗಳಿಗೆ ವಿಷ. ಅದನ್ನೂ ಸದ್ದಿನ ನೈಟ್ ಮೋಡ್ ಅನ್ನೂ ಆಫ್ ಮಾಡಿ.

ಫೋನಿನ ಸ್ಪೀಕರಿನಲ್ಲಿ 'ಗ್ರ್ಯಾವಿಟಿ' ನೋಡಬೇಡಿ. ಮುಟ್ಟಿದಾಗ ಬರುವ ಸದ್ದೆಲ್ಲ ದಪ್ಪ ಸದ್ದು. ಆ ಪುಟ್ಟ ಸ್ಪೀಕರಿನಿಂದ ಅದು ಹೊರಗೇ ಬರುವುದಿಲ್ಲ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಇದ್ದರೆ ಅದಕ್ಕೂ '2001'ಕ್ಕೂ ಹೇಳಿ ಮಾಡಿಸಿದ್ದು, ಹೆಲ್ಮೆಟ್ ಹಾಕಿಕೊಂಡ ಹಾಗೇ ಇರುತ್ತದೆ. 'ಇಂಟರ್‌ಸ್ಟೆಲ್ಲರ್' ಮತ್ತು 'ಸ್ಟಾರ್ ವಾರ್ಸ್'ಗೆ ಮಾತ್ರ ದೊಡ್ಡ ಸ್ಪೀಕರೇ ಬೇಕು. ಆರ್ಗನ್ನಿನ ಆ ಕೆಳಗಿನ ಸ್ವರ ಕೇಳುವುದು ಕಿವಿಗಿಂತ ಪಕ್ಕೆಲುಬಿಗೆ ಜಾಸ್ತಿ.

'ಫಸ್ಟ್ ಮ್ಯಾನ್'ನ ಆ ಬಾಗಿಲು ತೆರೆಯುವ ಹೊತ್ತಿಗೆ ಮಾತ್ರ ಒಂದು ಕೆಲಸ ಮಾಡಿ: ಕೋಣೆಯ ಫ್ಯಾನ್ ಆರಿಸಿ.